ಕೊಲ್ಲಾರಿ ಬಂಡಿಯ ತಟ್ಟಿ, ಟ್ರೇಲರಿನ ತಗಡು



ಕಳೆದ ತಿಂಗಳು ಖಾನಾಪುರದಲ್ಲಿ ನನ್ನ ಕೈಕೆಳಗೆ ಕಲಿತ ಶಿಷ್ಯನೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಈಗ ಅವನು ಬೆಳಗಾವಿಯಲ್ಲಿ ವಾಹನಗಳ ದುರಸ್ತಿಯ ಕೆಲಸ ಮಾಡಿಕೊಂಡಿದ್ದಾನೆ. ಹಳೆಯದೊಂದು ವ್ಯಾನನ್ನು ಕೊಂಡು, ಕುಟುಂಬದೊಡನೆ ಊರೂರು ತಿರುಗುವುದಕ್ಕೆ ಅನುಕೂಲವಾಗುವಂತೆ ಅದನ್ನು ಸಂಚಾರಿ ಮನೆಯನ್ನಾಗಿ ಮಾರ್ಪಡಿಸುತ್ತಿದ್ದಾನಂತೆ. “ಸರ್, ಒಳಗ ಎರಡು ಹಾಸಿಗಿ, ಅಡಿಗಿ ಕಟ್ಟಿ ಎಲ್ಲಾ ಮಾಡೇನ್ರಿ. ಆದ್ರ ಮಧ್ಯಾಹ್ನ ಹನ್ನೆರಡರ ಮ್ಯಾಲ ಒಳಗ ಕುಂದ್ರಾಕ ಆಗವಲ್ದರಿ. ನೀವು ವಿಜ್ಞಾನ ಕಲಿಸಿದವರು, ಏನರ ಉಪಾಯ ಹೇಳ್ರಿ” ಎಂದ.

ಅವನ ಪ್ರಶ್ನೆಗೆ ಆ ಕ್ಷಣದಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಸುಮ್ಮನಾದೆನಾದರೂ ಮನಸ್ಸು ಸುಮ್ಮನಾಗಲಿಲ್ಲ. ಮೂರೂವರೆ ದಶಕಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಂತಿತು. ಆ ಮಧ್ಯಾಹ್ನದ ಕಥೆಯನ್ನು ನಾನು ಮನೆಯವರ ಹೊರತು ಯಾರಿಗೂ ಹೇಳಿದವನಲ್ಲ. ಹೇಳದೆ ಇದ್ದುದಕ್ಕೆ ಕಾರಣ ನಾಚಿಕೆ. ಈಗ ವಯಸ್ಸಾಯಿತು, ನಾಚಿಕೆಯನ್ನು ಇಟ್ಟುಕೊಂಡು ಮಾಡುವುದೇನು? ಆ ನೆನಪನ್ನೂ, ಅದರೊಡನೆ ನಮ್ಮ ಸೀಮೆಯ ಜನ ಪ್ರಯಾಣದಲ್ಲಿ ಬಿಸಿಲನ್ನು ಹೇಗೆ ನಿಭಾಯಿಸುತ್ತ ಬಂದರೆಂಬ ಇತಿಹಾಸವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಸೀಮೆಯ ಹವೆಯನ್ನು ಅರಿಯಬೇಕು. ಖಾನಾಪುರ ತಾಲೂಕಿನ ಪಶ್ಚಿಮಕ್ಕೆ ಸಹ್ಯಾದ್ರಿ. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿಯೇ ಇದೆ. ಅಲ್ಲಿ ಮಳೆಗಾಲವೆಂದರೆ ಗೋಡೆಗಳೂ ಬೆವರುವ ಕಾಲ. ಅದೇ ಮಲಪ್ರಭೆಯ ಜೊತೆಗೆ ಪೂರ್ವಕ್ಕೆ ಹರಿದು ಹೋದರೆ ಬೈಲಹೊಂಗಲ, ಸವದತ್ತಿಗಳ ಎರೆಭೂಮಿ. ಅಲ್ಲಿ ಮೈಲುಗಟ್ಟಲೆ ನಡೆದರೂ ಒಂದು ಮರದ ನೆರಳು ಸಿಗುವುದು ದುರ್ಲಭ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಇವೆರಡರ ನಡುವೆ ತಂಪಾಗಿ ಕುಳಿತಿದೆ. ಆದರೆ ಒಂದು ಸಂಗತಿಯನ್ನು ಬಹುಮಂದಿ ಗಮನಿಸುವುದಿಲ್ಲ. ಬೆಳಗಾವಿಯ ಅಕ್ಷಾಂಶ ಸುಮಾರು 15.85 ಡಿಗ್ರಿ ಉತ್ತರ. ಹಾಗಾಗಿ ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನಟ್ಟ ನಡು ಮಧ್ಯಾಹ್ನ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಏಪ್ರಿಲ್ ಕೊನೆಯಲ್ಲಿಯೂ ನೆತ್ತಿಯಿಂದ ಕೆಲವೇ ಡಿಗ್ರಿ ಸರಿದಿರುತ್ತಾನೆ. ಆ ದಿನಗಳಲ್ಲಿ ಗೋಡೆಗಳಿಗಿಂತ ಛಾವಣಿಗೆ ಬೀಳುವ ಬಿಸಿಲೇ ಅಧಿಕ. ಆದ್ದರಿಂದ ನಮ್ಮಲ್ಲಿ ಸೆಕೆಯ ಪ್ರಶ್ನೆಯೆಂದರೆ ಮೊದಲಿಗೆ ಛಾವಣಿಯ ಪ್ರಶ್ನೆ.

ಇನ್ನು ಪ್ರಯಾಣ. ನಮ್ಮ ಕಡೆಯ ಹಳ್ಳಿಗರಿಗೆ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂಡಿ ಹೊರಡುವ ಪ್ರಯಾಣವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಚಳಿಗಾಲದವು. ಚೈತ್ರದ ದವನದ ಹುಣ್ಣಿಮೆ ಮಾತ್ರ ಬೇಸಿಗೆಯದು. ನಾನು ಚಿಕ್ಕವನಿದ್ದಾಗ, ಅಂದರೆ 1960ರ ದಶಕದಲ್ಲಿ, ಬೀಡಿಯ ಸಮೀಪದ ನಮ್ಮ ಹಳ್ಳಿಯಿಂದ ಗುಡ್ಡಕ್ಕೆ ಹೋಗುತ್ತಿದ್ದುದು ಕೊಲ್ಲಾರಿ ಬಂಡಿಯಲ್ಲಿ. ಇಂದಿನ ಮಕ್ಕಳಿಗೆ ಆ ಹೆಸರು ಪರಿಚಿತವಿರಲಾರದು. ಜನರ ಸವಾರಿಗೆಂದು, ಮೇಲೆ ಕಮಾನು ಕಟ್ಟಿದ ಎತ್ತಿನ ಬಂಡಿ ಅದು.

ಆ ಬಂಡಿಯ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಶಿಷ್ಯನ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿಯೇ ಇದೆ. ಬಿದಿರನ್ನು ಸೀಳಿ, ಬಾಗಿಸಿ ಕಮಾನು ಮಾಡುತ್ತಿದ್ದರು. ಅದರ ಮೇಲೆ ಬಿದಿರಿನ ಹೆಣೆದ ತಟ್ಟಿ. ತಟ್ಟಿಯ ಮೇಲೆ ಕರಿಯ ಕಂಬಳಿಯನ್ನೋ ಹಳೆಯ ಜಮಖಾನೆಯನ್ನೋ ಹೊದಿಸುತ್ತಿದ್ದರು. ಒಳಗೆ ಕೆಳಗಡೆ ಒಂದು ಮೊಳದಷ್ಟು ಭತ್ತದ ಹುಲ್ಲು, ಅದರ ಮೇಲೆ ಕೌದಿ. ಮುಂದೆಯೂ ಹಿಂದೆಯೂ ಬಾಯಿ ತೆರೆದೇ ಇರುತ್ತಿತ್ತು. ಬಂಡಿ ಸಾಗಿದಂತೆ ಗಾಳಿ ಆಡುತ್ತಿತ್ತು. ಕುಡಿಯುವ ನೀರಿಗೆ ಮಣ್ಣಿನ ತತ್ರಾಣಿಯನ್ನು ಒದ್ದೆ ಬಟ್ಟೆ ಸುತ್ತಿ ಬಂಡಿಗೆ ತೂಗುಹಾಕಿರುತ್ತಿದ್ದರು. ಎಷ್ಟೇ ಬಿಸಿಲಿದ್ದರೂ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು.

ಇಷ್ಟೇ ಅಲ್ಲ. ನಮ್ಮ ಹಿರಿಯರು ನಡುಹಗಲಿನಲ್ಲಿ ಬಂಡಿ ಹೂಡುತ್ತಿರಲೇ ಇಲ್ಲ. ಬೆಳಗಿನ ಜಾವ ಚುಕ್ಕೆ ಇರುವಾಗಲೇ ಹೊರಟು, ಬಿಸಿಲೇರುವ ಮುನ್ನ ಯಾವುದಾದರೂ ತೋಪಿನಲ್ಲಿಯೋ ಕೆರೆಯ ದಂಡೆಯಲ್ಲಿಯೋ ಕೊರಳು ಹರಿಯುತ್ತಿದ್ದರು. ಎತ್ತುಗಳಿಗೆ ಮೇವು, ಜನರಿಗೆ ಬುತ್ತಿ, ಮಕ್ಕಳಿಗೆ ನಿದ್ದೆ. ಹೊತ್ತು ಇಳಿದ ಮೇಲೆ ಮತ್ತೆ ಪ್ರಯಾಣ. ಕಿತ್ತೂರು, ಬೈಲಹೊಂಗಲ ದಾಟಿ ಗುಡ್ಡ ಸೇರಲು ಮೂರು ದಿನ ಹಿಡಿಯುತ್ತಿತ್ತು. ಎತ್ತಿಗೆ ಬಿಸಿಲು ತಾಳದು ಎಂಬ ಕಾರಣಕ್ಕೆ ಮಾಡಿಕೊಂಡ ಈ ಏರ್ಪಾಡು ಮನುಷ್ಯರನ್ನೂ ಕಾಪಾಡುತ್ತಿತ್ತು.

ಕುರುಬರ ಕಂಬಳಿಯ ಬಗೆಗೂ ಎರಡು ಮಾತು ಹೇಳಬೇಕು. ಚಳಿಗೆ ಹೊದೆಯುವ ಕಂಬಳಿಯನ್ನು ಬಿಸಿಲಿಗೆ ಹೊದಿಸುವುದೆಂದರೆ ವಿಚಿತ್ರವಲ್ಲವೇ ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಒಬ್ಬನಾದರೂ ಹುಡುಗ ಕೇಳುತ್ತಿದ್ದ. ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಒರಟು ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗಾಡದ ಗಾಳಿಯಷ್ಟು ಕೆಟ್ಟ ಉಷ್ಣವಾಹಕ ನಮ್ಮ ದಿನಬಳಕೆಯಲ್ಲಿ ಬೇರೊಂದಿಲ್ಲ. ಅದು ಶಾಖವನ್ನು ಎರಡೂ ಕಡೆಗೆ ತಡೆಯುತ್ತದೆ: ಚಳಿಯಲ್ಲಿ ಮೈಯ ಶಾಖ ಹೊರಹೋಗದಂತೆ, ಬಿಸಿಲಿನಲ್ಲಿ ಹೊರಗಿನ ಶಾಖ ಒಳಬರದಂತೆ. ರಮ್‌ಫೋರ್ಡ್ ಎಂಬ ವಿಜ್ಞಾನಿ 18ನೇ ಶತಮಾನದ ಕೊನೆಯಲ್ಲಿ ಉಣ್ಣೆ, ತುಪ್ಪಳ, ರೇಷ್ಮೆಗಳನ್ನೆಲ್ಲ ಪ್ರಯೋಗಕ್ಕೊಡ್ಡಿ, ಬಟ್ಟೆಯ ಬೆಚ್ಚನೆಯ ಗುಣಕ್ಕೆ ಅದರೊಳಗೆ ಸಿಕ್ಕ ಗಾಳಿಯೇ ಮುಖ್ಯ ಕಾರಣವೆಂದು ತೋರಿಸಿದ. 1792ರಲ್ಲಿ ಅವನಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ದೊರೆಯಿತು. 1822ರಲ್ಲಿ ಫ್ರಾನ್ಸಿನ ಫೂರಿಯೇ ಉಷ್ಣವಹನಕ್ಕೆ ಗಣಿತದ ರೂಪ ಕೊಟ್ಟ. ಕುರಿಯ ಹಿಂಡಿನೊಡನೆ ತಿಂಗಳುಗಟ್ಟಲೆ ಅಲೆಯುವ ನಮ್ಮ ಕುರುಬರಿಗೆ ಈ ಹೆಸರುಗಳು ತಿಳಿಯದಿದ್ದರೂ ಕಂಬಳಿಯ ಗುಣ ತಿಳಿದಿತ್ತು.

ಬಂಡಿಯ ಕಾಲದಲ್ಲಿಯೇ ನಮ್ಮ ಸೀಮೆಯಲ್ಲಿ ಇನ್ನೊಂದು ಬಗೆಯ ಸಂಚಾರಿ ಮನೆಯೂ ಇತ್ತು. ಅದು ಡೇರೆ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದ ಮೇಲೆ ಇಲ್ಲಿ ದಂಡು ನೆಲೆಯೂರಿತು. ಇಂದಿಗೂ ನಾವು ಆ ಭಾಗವನ್ನು ಕ್ಯಾಂಪ್ ಎಂದೇ ಕರೆಯುತ್ತೇವೆ. ಮಳೆಗಾಲ ಮುಗಿದೊಡನೆ ಕಲೆಕ್ಟರರೂ ಅವರ ಕೈಕೆಳಗಿನ ಅಧಿಕಾರಿಗಳೂ ಡೇರೆ, ಮೇಜು, ಕಡತಗಳನ್ನೆಲ್ಲ ಬಂಡಿಗಳ ಮೇಲೆ ಹೇರಿಕೊಂಡು ತಾಲೂಕುಗಳ ಸಂಚಾರಕ್ಕೆ ಹೊರಡುತ್ತಿದ್ದರು. ಅಧಿಕಾರಿಗಳ ಡೇರೆಗೆ ಎರಡು ಪದರದ ಮೇಲುಹೊದಿಕೆ ಇರುತ್ತಿತ್ತು. ಹೊರ ಬಟ್ಟೆಗೂ ಒಳ ಬಟ್ಟೆಗೂ ನಡುವೆ ಗಾಳಿ ಸರಾಗವಾಗಿ ಹಾದುಹೋಗುವಷ್ಟು ಅಂತರ. ಹೊರ ಬಟ್ಟೆ ಬಿಸಿಲನ್ನು ತಾನು ತಿಂದು ಕಾಯುತ್ತಿತ್ತು. ನಡುವಿನ ಗಾಳಿ ಆ ಶಾಖವನ್ನು ಹೊತ್ತೊಯ್ಯುತ್ತಿತ್ತು. ಒಳ ಬಟ್ಟೆ ನೆರಳಿನಲ್ಲಿ ಉಳಿಯುತ್ತಿತ್ತು. ಸಿಪಾಯಿಗಳಿಗೂ ಆಳುಗಳಿಗೂ ಇಂತಹ ಸುಖ ಇರುತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲಾವಂಚದ ತಟ್ಟಿಯೂ ಇತ್ತು. ಬೆಳಗಾವಿ ಪೇಟೆಯಲ್ಲಿ ಮರಾಠಿಯವರು ಇದನ್ನು ವಾಳಾ ಎನ್ನುತ್ತಾರೆ. ಲಾವಂಚದ ಬೇರಿನ ತಟ್ಟಿಯನ್ನು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವ ಪದ್ಧತಿ ಇಂಗ್ಲಿಷರು ತಂದದ್ದಲ್ಲ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿಯೇ ಅದರ ಉಲ್ಲೇಖವಿದೆ. ತತ್ವ ತತ್ರಾಣಿಯದೇ. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿಗೆ ಕಾಯಿಸಲು ಎಷ್ಟು ಶಾಖ ಬೇಕೋ ಅದರ ಐದು ಪಟ್ಟಿಗೂ ಹೆಚ್ಚು ಶಾಖವನ್ನು ಅದೇ ನೀರು ಆವಿಯಾಗುವಾಗ ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಆದರೆ ಗಾಳಿ ಒಣಗಿದ್ದರೆ ಮಾತ್ರ ಈ ಉಪಾಯ ನಡೆದೀತು. ಸವದತ್ತಿಯ ಏಪ್ರಿಲ್ ಬಿಸಿಲಿನಲ್ಲಿ ಲಾವಂಚದ ತಟ್ಟಿ ಅಮೃತ. ಖಾನಾಪುರದ ಜುಲೈ ತಿಂಗಳಿನಲ್ಲಿ ಅದು ಬರೇ ಒದ್ದೆ ಕಸ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಮೀಟರ್ ಗೇಜ್ ಹಳಿ ಹಾಕಿದರು. ಬೆಳಗಾವಿ, ಖಾನಾಪುರ, ಲೋಂಡಾಗಳು ಒಂದೇ ದಾರದಲ್ಲಿ ಪೋಣಿಸಲ್ಪಟ್ಟವು. ಲೋಂಡಾದಿಂದ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರ್ಮಗೋವಾ ಬಂದರಿಗೂ ದಾರಿಯಾಯಿತು. ಎತ್ತಿಗೆ ಬಿಸಿಲು ತಾಳದೆಂದು ನಿಲ್ಲುತ್ತಿದ್ದ ಪ್ರಯಾಣ ಆಗ ಮೊದಲ ಬಾರಿಗೆ ನಡುಹಗಲಿಗೂ ವಿಸ್ತರಿಸಿತು. ಉಗಿಯಂತ್ರಕ್ಕೆ ನೆರಳು ಬೇಕಿಲ್ಲವಷ್ಟೆ! ಇಂಗ್ಲೆಂಡಿನ ಮಾದರಿಯ ಡಬ್ಬಿಗಳು ಈ ದೇಶದ ಬಿಸಿಲಿಗೆ ಒಲೆಗಳಂತಾಗುತ್ತವೆ ಎಂಬುದನ್ನು ಭಾರತದ ರೈಲ್ವೆ ಕಂಪನಿಗಳು ಆ ವೇಳೆಗಾಗಲೇ ಕಂಡುಕೊಂಡಿದ್ದವು. ಆದ್ದರಿಂದ ಡಬ್ಬಿಗಳಿಗೆ ಎರಡು ಪದರದ ಛಾವಣಿ, ಕಿಟಕಿಯ ಮೇಲೆ ಹೊರಚಾಚಿದ ಬಿಸಿಲುಮರೆ, ಗಾಳಿಯಾಡುವಂತೆ ಸೀಳು ಹಲಗೆ ಜೋಡಿಸಿದ ಕಿಟಕಿಬಾಗಿಲು, ಹೀಗೆ ಒಂದೊಂದಾಗಿ ಸೇರಿದವು. ಮೊದಲ ದರ್ಜೆಯ ಕೆಲವು ಡಬ್ಬಿಗಳ ಕಿಟಕಿಗೆ ಲಾವಂಚದ ತಟ್ಟಿಯನ್ನು ಕೂಡಿಸಿ ನೀರುಣಿಸುವ ಏರ್ಪಾಡೂ ಇತ್ತು. ಮೂರನೆಯ ದರ್ಜೆಯವರಿಗೆ ಇದ್ದುದು ಜನಜಂಗುಳಿಯೊಂದೇ. 1917ರಲ್ಲಿ ಗಾಂಧೀಜಿಯವರು ಮೂರನೆಯ ದರ್ಜೆಯ ಪ್ರಯಾಣಿಕರ ಪಾಡನ್ನು ಕುರಿತು ಒಂದು ಲೇಖನವನ್ನೇ ಬರೆದರು. ಏಳು ವರ್ಷಗಳ ತರುವಾಯ, 1924ರ ಡಿಸೆಂಬರ್ ತಿಂಗಳಿನಲ್ಲಿ, ಅವರೇ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನಕ್ಕೆ ಬೆಳಗಾವಿಯ ಟಿಳಕವಾಡಿಯಲ್ಲಿ ವಿಜಯನಗರವೆಂಬ ಹೆಸರಿನ ಡೇರೆಗಳ ಊರೇ ಎದ್ದು ನಿಂತಿತು. ಆಗ ನೀರಿಗಾಗಿ ತೋಡಿದ ಬಾವಿಯನ್ನು ನಾವು ಈಗಲೂ ಕಾಂಗ್ರೆಸ್ ಬಾವಿ ಎನ್ನುತ್ತೇವೆ.

ನಾನು ಹುಡುಗನಾಗಿದ್ದಾಗ ಖಾನಾಪುರದಿಂದ ಬೆಳಗಾವಿಗೆ ಹೋಗುತ್ತಿದ್ದ ಮೀಟರ್ ಗೇಜ್ ಗಾಡಿಯಲ್ಲಿ ಹಳೆಯ ಮರದ ಡಬ್ಬಿಗಳನ್ನು ಕಂಡಿದ್ದೇನೆ. ಕೈಯಿಟ್ಟರೆ ಒಳಗೋಡೆ ಸುಡುತ್ತಿರಲಿಲ್ಲ. ಉಕ್ಕು ಮರಕ್ಕಿಂತ ಸುಮಾರು ಮುನ್ನೂರು ಪಟ್ಟು, ಅಲುಗಾಡದ ಗಾಳಿಗಿಂತ ಸುಮಾರು ಎರಡು ಸಾವಿರ ಪಟ್ಟು ಸುಲಭವಾಗಿ ಶಾಖವನ್ನು ದಾಟಿಸುತ್ತದೆ. 1955ರಲ್ಲಿ ಪೆರಂಬೂರಿನ ಕಾರ್ಖಾನೆ ಆರಂಭವಾಗಿ ಸಂಪೂರ್ಣ ಉಕ್ಕಿನ ಡಬ್ಬಿಗಳು ಬಂದಾಗ ಅಪಘಾತದಲ್ಲಿ ಅವು ಹೆಚ್ಚು ಸುರಕ್ಷಿತವೆನಿಸಿದವು, ನಿಜ. ಆದರೆ ಹೊರಗಿನ ಉಕ್ಕಿಗೂ ಒಳಗಿನ ಹಲಗೆಗೂ ನಡುವೆ ಶಾಖ ತಡೆಯುವ ಪದರವೊಂದನ್ನು ತುಂಬಲೇಬೇಕಾಯಿತು. ಮರವಿದ್ದಾಗ ತಾನಾಗಿ ಒದಗುತ್ತಿದ್ದುದನ್ನು ಉಕ್ಕು ಬಂದಾಗ ಬುದ್ಧಿಯಿಂದ ಒದಗಿಸಬೇಕಾಯಿತು. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ನನ್ನ ಕಥೆಯೆಲ್ಲ ಇದೇ.

1989ರ ಏಪ್ರಿಲ್ ತಿಂಗಳು. ನಾನು ಶಿಕ್ಷಕನಾಗಿ ಕೆಲವು ವರ್ಷಗಳಾಗಿದ್ದವು. ನಮ್ಮ ದೊಡ್ಡಪ್ಪನ ಮಗ ಹೊಸದಾಗಿ ಟ್ರ್ಯಾಕ್ಟರ್ ಕೊಂಡಿದ್ದ. ದವನದ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಅದರ ಟ್ರೇಲರಿನಲ್ಲಿಯೇ ಗುಡ್ಡಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಮೂರು ದಿನದ ದಾರಿ ಒಂದೇ ಹಗಲಿಗೆ ಮುಗಿಯುವುದೆಂಬ ಸಂಭ್ರಮ. ಟ್ರೇಲರಿನಲ್ಲಿ ಜನರನ್ನು ಕೂರಿಸಿ ಸಾಗಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ ಎಂಬುದನ್ನು ಆ ದಿನ ನಮ್ಮಲ್ಲಿ ಒಬ್ಬರೂ ಆಡಲಿಲ್ಲ, ನಾನೂ ಆಡಲಿಲ್ಲ. ನೆರಳಿಗೆಂದು ಕಬ್ಬಿಣದ ಕೊಳವೆಗಳನ್ನು ನಿಲ್ಲಿಸಿ ಮೇಲೆ ತಗಡು ಬಡಿದರು. ಧೂಳು ಬಾರದಿರಲೆಂದು ಸುತ್ತಲೂ ಕಪ್ಪು ತಾಡಪತ್ರಿಯನ್ನು ಇಳಿಬಿಟ್ಟು ಬಿಗಿದರು. ಆ ತಾಡಪತ್ರಿಯನ್ನು ಬೆಳಗಾವಿ ಪೇಟೆಯಿಂದ ತಂದವನು ನಾನೇ. ಧೂಳಿನ ಚಿಂತೆಯೂ ನನ್ನದೇ. ಕಾಕಾ ಒಬ್ಬರು ಮಾತ್ರ, “ಕೊಲ್ಲಾರಿ ಬಂಡಿಯ ತಟ್ಟಿ ಅಟ್ಟದ ಮ್ಯಾಲ ಐತಿ, ಅದನ್ನ ಕಟ್ಟೂಣು” ಎಂದಿದ್ದರು. ಹೊಸ ಟ್ರೇಲರಿಗೆ ಹಳೆಯ ತಟ್ಟಿಯೇ ಎಂದು ನಾವು ಹುಡುಗರೆಲ್ಲ ನಕ್ಕೆವು.

ಹದಿನೆಂಟು ಜನ ಒಳಗಿದ್ದೆವು. “ಉಧೋ ಉಧೋ” ಎನ್ನುತ್ತ ಹೊರಟ ನಮಗೆ ಕಿತ್ತೂರಿನವರೆಗೆ ಏನೂ ಅನ್ನಿಸಲಿಲ್ಲ. ಬೈಲಹೊಂಗಲ ದಾಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ತಗಡು ಕಾದು, ಅದರ ಕೆಳಗೆ ತಲೆಯೆತ್ತಿ ಕೂರುವುದೇ ಕಷ್ಟವಾಯಿತು. ಮಕ್ಕಳು ಅತ್ತು ಅತ್ತು ಸುಮ್ಮನಾದವು. ನಮ್ಮ ಅವ್ವ ಮೂಲೆಯಲ್ಲಿ ತಗಡಿಗೆ ಹತ್ತಿರವಾಗಿ, ಗಂಟುಗಳ ಮೇಲೆ ಕುಳಿತಿದ್ದಳು. ಏನನ್ನೋ ಕೇಳಿದೆ, ಅವಳು ಕೊಟ್ಟ ಉತ್ತರಕ್ಕೂ ನನ್ನ ಪ್ರಶ್ನೆಗೂ ಸಂಬಂಧವಿರಲಿಲ್ಲ. ತೀರಿಹೋಗಿ ಇಪ್ಪತ್ತು ವರ್ಷವಾಗಿದ್ದ ತನ್ನ ತಂಗಿಯನ್ನು ಕರೆಯುತ್ತಿದ್ದಳು. ಕೈ ಹಿಡಿದು ನೋಡಿದರೆ ಬೆವರಿಲ್ಲ, ಮೈ ಕಾದ ಹಂಚಿನಂತೆ ಒಣಗಿತ್ತು.

ನಾನು ಕೂಗಿಕೊಂಡೆ. ಗಾಡಿ ನಿಂತಿತು. ದೈವಕ್ಕೆ ಅಲ್ಲೊಂದು ಬೇವಿನ ಮರ ಇತ್ತು. ಕಾಕಾ ಅವ್ವನನ್ನು ಎತ್ತಿಕೊಂಡು ನೆರಳಿನಲ್ಲಿ ಮಲಗಿಸಿ, ಕೊಡದ ನೀರನ್ನೆಲ್ಲ ಸೀರೆಯ ಮೇಲೆ ಸುರಿದು, ಧೋತರದ ಚುಂಗಿನಿಂದ ಗಾಳಿ ಬೀಸತೊಡಗಿದರು. ಹೆಂಗಸರೂ ಸೆರಗಿನಿಂದ ಬೀಸಿದರು. ಅರ್ಧ ಗಂಟೆಯಾಗಿರಬಹುದು, ನನಗೆ ಅದು ಒಂದು ಯುಗ. ಅವ್ವ ಕಣ್ಣು ತೆರೆದು ನನ್ನನ್ನು ಗುರುತಿಸಿದಳು. ದಾರಿಯಲ್ಲಿ ಬಂದ ಜೀಪೊಂದನ್ನು ತಡೆದು ಅವಳನ್ನು ಮುಂದಿನ ಊರಿನ ವೈದ್ಯರ ಬಳಿಗೆ ಕರೆದೊಯ್ದೆ. ಅವರು ಸಲೈನ್ ಏರಿಸಿ, “ಇನ್ನ ಸ್ವಲ್ಪ ತಡಾ ಆಗಿದ್ರ ಕಷ್ಟ ಇತ್ತು” ಎಂದರು.

ಸಂಜೆ ಟ್ರೇಲರು ಆ ಊರಿಗೆ ಬಂದು ಸೇರಿದಾಗ ನೋಡುತ್ತೇನೆ, ಅದರ ರೂಪವೇ ಬದಲಾಗಿತ್ತು. ಸುತ್ತಲಿನ ತಾಡಪತ್ರಿಯನ್ನು ಕಿತ್ತು ಸುತ್ತಿಟ್ಟಿದ್ದರು. ತಗಡಿನ ಮೇಲೆ ಅಡ್ಡಲಾಗಿ ಗಳುಗಳನ್ನು ಹಾಕಿ, ಅವುಗಳ ಮೇಲೆ ರೈತನೊಬ್ಬನಿಂದ ಕೊಂಡ ಜೋಳದ ಕಣಿಕೆಯ ಸೂಡುಗಳನ್ನು ಒತ್ತಾಗಿ ಹರಡಿ ಹಗ್ಗದಿಂದ ಬಿಗಿದಿದ್ದರು. ತಗಡಿಗೂ ಕಣಿಕೆಗೂ ನಡುವೆ ಒಂದು ಗೇಣು ಖಾಲಿ ಜಾಗ. ಕಾಕಾ ನನ್ನನ್ನು ಬದಿಗೆ ಕರೆದರು. ಅವರು ಮೂರನೆಯ ಇಯತ್ತೆಯ ಮೇಲೆ ಓದಿದವರಲ್ಲ. “ಏನೋ ಮಾಸ್ತರಾ, ತಗಡಿನ ಕೆಳಗ ಮನಿಶ್ಯಾರನ್ನ ಕುಂದ್ರಿಸೂದಂದ್ರ ಹಂಚಿನ ಮ್ಯಾಲ ರೊಟ್ಟಿ ಹಾಕಿದಂಗ. ನೀ ಹುಡುಗರಿಗೆ ಇದನ್ನ ಕಲಸಾಂವ ಅಲ್ಲೇನು?” ಎಂದರು. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು.

ನಾನು ಕಲಿಸುವವನೇ ಆಗಿದ್ದೆ. ಅದೇ ಫೆಬ್ರವರಿಯಲ್ಲಿ ಕರಿಹಲಗೆಯ ಮೇಲೆ ವಹನ, ಸಂವಹನ, ವಿಕಿರಣ ಎಂದು ಬರೆದು, ಚಿತ್ರ ತೆಗೆದು, ಕಪ್ಪು ಮೈ ಶಾಖವನ್ನು ಹೆಚ್ಚು ಹೀರುತ್ತದೆಂದು ಮಕ್ಕಳಿಂದ ಮೂರು ಸಲ ಹೇಳಿಸಿದ್ದೆ. ಆದರೆ ಕಪ್ಪು ತಾಡಪತ್ರಿಯನ್ನು ಕೈಯಾರೆ ಕೊಂಡು ತರುವಾಗ ಆ ಪಾಠ ನೆನಪಾಗಲಿಲ್ಲ. ಬಾಯಿಪಾಠವಾದ ವಿದ್ಯೆ ಪರೀಕ್ಷೆಗೆ ಒದಗುತ್ತದೆ, ಅವ್ವನಿಗೆ ಒದಗುವುದಿಲ್ಲ ಎಂಬುದನ್ನು ಆ ದಿನ ಕಲಿತೆ. ಅವ್ವ ಆಮೇಲೆ ಹನ್ನೊಂದು ವರ್ಷ ಬಾಳಿದಳು. ಆ ವಿಷಯವಾಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಟ್ರೇಲರನ್ನು ಮಾತ್ರ ಮತ್ತೆಂದೂ ಏರಲಿಲ್ಲ. 1990ರ ನಂತರ ನನ್ನ ಕೈಯಲ್ಲಿ ಕಲಿತವರಿಗೆ ನೆನಪಿರಬಹುದು: ಉಷ್ಣದ ಪಾಠಕ್ಕೆ ನಿಮ್ಮನ್ನು ಮಧ್ಯಾಹ್ನ ಹೊರಗೆ ಕರೆದೊಯ್ದು, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೂ ಮಾವಿನ ಮರದ ಕೆಳಗೂ ಥರ್ಮಾಮೀಟರ್ ಹಿಡಿದು ನಿಲ್ಲಿಸುತ್ತಿದ್ದೆ. ಏಕೆ ಹಾಗೆ ಮಾಡುತ್ತಿದ್ದೆನೆಂಬುದು ಇಂದು ನಿಮಗೆ ತಿಳಿಯಿತು.

ಈಗ ಲೆಕ್ಕವನ್ನು ಮಾಡೋಣ. ಸ್ವಚ್ಛ ಆಕಾಶದ ನಡುಹಗಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಎರಡು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಛಾವಣಿಯೆಂದರೆ 8000 ವಾಟ್. ಕಡುಬಣ್ಣದ ತಗಡು ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಹೀರಿಕೊಳ್ಳುತ್ತದೆ. ಅಂದರೆ ಏಳು ಇಸ್ತ್ರಿ ಪೆಟ್ಟಿಗೆಗಳನ್ನು ನೆತ್ತಿಯ ಮೇಲೆ ಹೊತ್ತಿಸಿಟ್ಟಂತೆ. ಅದರಲ್ಲಿ ಬಹುಪಾಲು ಹೊರಗಿನ ಗಾಳಿಗೂ ಆಕಾಶಕ್ಕೂ ಮರಳಿ ಹೋಗುತ್ತದೆ. ಆದರೂ ತಗಡು 65 ಡಿಗ್ರಿಗೆ ಕಾದಿದ್ದು ಕೆಳಗೆ ಕೂತವರ ಮೈ 37 ಡಿಗ್ರಿ ಇದ್ದರೆ, ಆ ಛಾವಣಿ ಕೇವಲ ವಿಕಿರಣದಿಂದ ಒಂದೂವರೆ ಕಿಲೋವಾಟಿನಷ್ಟು ಶಾಖವನ್ನು ಕೆಳಗೆ ಸುರಿಯುತ್ತದೆ. ಇದಲ್ಲದೆ ಮನುಷ್ಯದೇಹವೇ ಸುಮ್ಮನೆ ಕೂತಾಗಲೂ ಸುಮಾರು 100 ವಾಟ್ ಶಾಖ ಬಿಡುತ್ತದೆ. ಹದಿನೆಂಟು ಜನರೆಂದರೆ 1800 ವಾಟ್! ಆ ಶಾಖವೂ ಬೆವರಿನ ಆವಿಯೂ ಹೊರಹೋಗದಂತೆ ನಾನು ತಾಡಪತ್ರಿಯಿಂದ ಬಾಯಿ ಕಟ್ಟಿದ್ದೆ. ಕಾಕಾ ಮೊದಲು ಬಾಯಿ ಬಿಚ್ಚಿ, ಆಮೇಲೆ ನೆರಳು ಹೊದಿಸಿದ್ದು ಎಷ್ಟು ಸರಿಯಾದ ಕ್ರಮವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಹೊರದೇಶಗಳ ಸಂಚಾರಿ ಮನೆಗಳೂ ಇದೇ ಹಾದಿಯಲ್ಲಿ ಬಂದವು. 1934ರಲ್ಲಿ ಮುಂಬಯಿಯಿಂದ ಪೇಶಾವರಕ್ಕೆ ಓಡುತ್ತಿದ್ದ ಫ್ರಾಂಟಿಯರ್ ಮೇಲ್ ಗಾಡಿಯ ಮೇಲ್ದರ್ಜೆಯ ಡಬ್ಬಿಯನ್ನು ಮಂಜುಗಡ್ಡೆಯ ಇಟ್ಟಿಗೆಗಳಿಂದ ತಂಪು ಮಾಡಿದರು. 1936ರಲ್ಲಿ ಅಮೆರಿಕದ ಏರ್‌ಸ್ಟ್ರೀಮ್ ಕಂಪನಿ ಹೊರತಂದ ಅಲ್ಯೂಮಿನಿಯಮ್ ಮನೆಗಾಡಿಗೆ ಗೋಡೆಯೊಳಗೆ ಶಾಖನಿರೋಧಕ ಪದರವಿತ್ತು, ತಂಪಿಗೆ ಒಣಮಂಜು ಬಳಸುವ ಏರ್ಪಾಡೂ ಇತ್ತು. ಹೊಳೆಯುವ ಲೋಹ ಬಿಸಿಲನ್ನು ಹಿಂದಕ್ಕೆ ಚಿಮ್ಮುತ್ತದೆ, ಅದರ ಕೆಳಗಿನ ಪದರ ಉಳಿದ ಶಾಖವನ್ನು ತಡೆಯುತ್ತದೆ.

ಶಿಷ್ಯನಿಗೆ ಈಗ ನನ್ನ ಉತ್ತರ. ಎಲ್ಲಕ್ಕೂ ಮೊದಲು ಛಾವಣಿ. ಹೊರಗೆ ಬಿಳಿಯ ಬಣ್ಣ ಬಳಿ. ಕಡುಬಣ್ಣ ಹೀರುವ ಬಿಸಿಲಿನಲ್ಲಿ ಮೂರನೆಯ ಒಂದು ಪಾಲನ್ನೂ ಶುಭ್ರವಾದ ಬಿಳಿ ಹೀರುವುದಿಲ್ಲ. ಸಾಧ್ಯವಿದ್ದರೆ ಅದರ ಮೇಲೆ ಎರಡು ಮೂರು ಅಂಗುಲ ಎತ್ತರದಲ್ಲಿ ಇನ್ನೊಂದು ಹಗುರ ಹೊದಿಕೆಯನ್ನು, ಎರಡೂ ತುದಿ ತೆರೆದಿರುವಂತೆ ನಿಲ್ಲಿಸು. ಕಲೆಕ್ಟರರ ಡೇರೆಯೂ ಕಾಕಾನ ಕಣಿಕೆಯೂ ಅದೇ. ಒಳಗಡೆ ಎರಡು ಅಂಗುಲದ ಶಾಖನಿರೋಧಕ ಪದರ ಹಾಕಿದರೆ, ಮೇಲೆ ಹೇಳಿದ ಒಂದೂವರೆ ಕಿಲೋವಾಟು 200 ವಾಟಿಗೂ ಕಡಿಮೆಯಾಗುತ್ತದೆ. ಥರ್ಮೋಕೋಲ್ ಅಗ್ಗ, ಆದರೆ ಬೆಂಕಿಗೆ ಬೇಗ ಉರಿದು ವಿಷದ ಹೊಗೆ ಕಾರುತ್ತದೆ. ಅಡುಗೆಕಟ್ಟೆಯಿರುವ ಗಾಡಿಯಲ್ಲಿ ಬೆಂಕಿ ಹಿಡಿಯದ ಪದಾರ್ಥವನ್ನೇ ಆರಿಸು. ವ್ಯಾನಿನ ಕಬ್ಬಿಣದ ಪಕ್ಕೆಲುಬುಗಳ ಮೇಲೆ ಒಳಹಲಗೆಯನ್ನು ನೇರವಾಗಿ ತಿರುಪು ಹಾಕಬೇಡ; ನಡುವೆ ಮರದ ಪಟ್ಟಿ ಕೊಡು. ಇಲ್ಲವಾದರೆ ಶಾಖ ಆ ಪಕ್ಕೆಲುಬುಗಳನ್ನೇ ಸೇತುವೆ ಮಾಡಿಕೊಂಡು ಒಳಗೆ ಬರುತ್ತದೆ. ಹೊಳೆಯುವ ಹಾಳೆಯನ್ನು ಅಂಟಿಸುವುದಾದರೆ ಅದರ ಮುಂದೆ ಒಂದು ಅಂಗುಲ ಗಾಳಿಯ ಜಾಗ ಇರಲಿ. ಎರಡೂ ಬದಿ ಒತ್ತಿ ಕೂರಿಸಿದರೆ ಅದು ಬರೇ ಲೋಹವಾಗಿ ಶಾಖವನ್ನು ದಾಟಿಸುತ್ತದೆ.

ಕಿಟಕಿಯ ಪರದೆ ಗಾಜಿನ ಹೊರಗಿರಲಿ, ಒಳಗಲ್ಲ. ಗಾಜು ದಾಟಿ ಬಂದ ಬಿಸಿಲು ಒಳಗಿನ ಪರದೆಯನ್ನು ಕಾಯಿಸಿದರೆ ಆ ಶಾಖ ನಿನ್ನ ಕೋಣೆಯದೇ ಆಯಿತು. ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇಡು. ಬಿಸಿ ಗಾಳಿ ತಾನೇ ಮೇಲೇರಿ ಹೋಗುತ್ತದೆ. ನೀನು ಖಾನಾಪುರದವನಾದ್ದರಿಂದ ಮಳೆಗಾಲವನ್ನೂ ಮರೆಯಬಾರದು. ರಾತ್ರಿ ಉಸಿರಿನ ತೇವ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ನಿರೋಧಕ ಪದರವನ್ನು ತೋಯಿಸುತ್ತದೆ. ತೊಯ್ದ ಹತ್ತಿಯಾಗಲಿ ಉಣ್ಣೆಯಾಗಲಿ ಶಾಖವನ್ನು ತಡೆಯಲಾರದು, ಕೆಳಗಿನ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಆದ್ದರಿಂದ ಒಳಬದಿಗೆ ತೇವ ದಾಟದ ಹಾಳೆ ಹಾಕಿ ಸಂದುಗಳನ್ನು ಮುಚ್ಚು. ವಾಹನದ ಮಾರ್ಪಾಡಿಗೆ ಆರ್‌ಟಿಓ ಅನುಮತಿ ಪಡೆಯುವುದನ್ನು ಬೇರೆ ಹೇಳಬೇಕೇ? ಇಷ್ಟೆಲ್ಲ ಮಾಡಿದ ಮೇಲೂ, ನಡುಹಗಲಿನಲ್ಲಿ ಮರದ ನೆರಳು ಕಂಡರೆ ಗಾಡಿ ನಿಲ್ಲಿಸು. ಮುದುಕರನ್ನೂ ಮಕ್ಕಳನ್ನೂ ನಿಲ್ಲಿಸಿದ ವಾಹನದಲ್ಲಿ ಕೂರಿಸಿ ಹೋಗಬೇಡ. ಯಾರಾದರೂ ಬಿಸಿಲಿನಲ್ಲಿ ತಡಬಡಿಸಿ ಮಾತನಾಡಿದರೆ, ಮೈ ವಿಪರೀತ ಕಾದಿದ್ದರೆ, ಆಸ್ಪತ್ರೆಯ ದಾರಿ ಹಿಡಿಯುವ ಜೊತೆಜೊತೆಗೇ ನೀರು ಸುರಿದು ಗಾಳಿ ಬೀಸಲು ಆರಂಭಿಸು.

ಕೊನೆಗೆ ಒಂದು ಮಾತು. ನಮ್ಮ ಜಿಲ್ಲೆಗೆ ಪ್ರತಿ ವರ್ಷ ಕಬ್ಬು ಕಡಿಯಲು ಬೀಡ್ ಕಡೆಯಿಂದಲೂ ಇತರ ಕಡೆಗಳಿಂದಲೂ ಕುಟುಂಬಗಳು ಬರುತ್ತವೆ. ಹಿಂದೆ ಅವರ ಗುಡಿಸಲಿಗೆ ಬಾಗಿಸಿದ ತಟ್ಟಿ, ಮೇಲೆ ಕಬ್ಬಿನ ರವದಿ ಇರುತ್ತಿತ್ತು. ಈಗ ಬಹಳ ಕಡೆ ಪ್ಲಾಸ್ಟಿಕ್ ತಾಡಪತ್ರಿ ಬಂದಿದೆ. ಮಳೆಗೂ ಇಬ್ಬನಿಗೂ ಅದು ಒಳ್ಳೆಯದೇ. ಆದರೆ ಹಂಗಾಮು ಮಾರ್ಚಿನವರೆಗೆ ಎಳೆದಾಗ, ಹೆತ್ತವರು ಗದ್ದೆಯಲ್ಲಿರುವ ಹೊತ್ತಿನಲ್ಲಿ, ಅದರ ಕೆಳಗೆ ಮಲಗುವುದು ಎಳೆಯ ಕೂಸುಗಳು. ನಿಮ್ಮಲ್ಲಿ ಕಬ್ಬು ಬೆಳೆಯುವವರು ಅನೇಕರಿದ್ದೀರಿ. ಕಡಿದ ಗದ್ದೆಯಲ್ಲಿ ರವದಿ ಬಿದ್ದೇ ಇರುತ್ತದೆ. ಬಹುಮಂದಿ ಅದನ್ನು ಸುಟ್ಟುಬಿಡುತ್ತಾರೆ. ನಾಲ್ಕು ಹೊರೆ ರವದಿಯನ್ನೂ ನಾಲ್ಕು ಗಳುಗಳನ್ನೂ ಕೊಟ್ಟು, ತಾಡಪತ್ರಿಯ ಮೇಲೆ ಗೇಣು ಎತ್ತರದಲ್ಲಿ ಹರಡಿಕೊಳ್ಳಿರೆಂದು ಹೇಳಿ. ಒಲೆಯಿಂದ ಮಾತ್ರ ದೂರವಿರಲಿ. ಖರ್ಚು ಏನೂ ಇಲ್ಲ.

ಕಾಕಾ ಈಗಿಲ್ಲ. ಅಟ್ಟದ ಮೇಲಿದ್ದ ಕೊಲ್ಲಾರಿ ಬಂಡಿಯ ತಟ್ಟಿಯನ್ನು ಗೆದ್ದಲು ತಿಂದಿತು. ಅವರು ಅಂದು ಕೇಳಿದ ಪ್ರಶ್ನೆಗೆ ನಾನು ಅವರಿದ್ದಾಗ ಉತ್ತರ ಕೊಡಲಿಲ್ಲ. ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ.

ಬಿಸಿಲಿನ ದಿನಗಳು, ಎಲ್ಲರೂ ಜೋಪಾನವಾಗಿರಿ.